ಕೈ ಹಾಕುವ ಹೊತ್ತು

ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿಕೊಂಡು ಹೊಟ್ಟೆ ಹೊರೆಯುವ ನನಗೂ ಆಡು ಈಯುವ ವಿಚಾರಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ಕೆಲವು ವರ್ಷಗಳ ಹಿಂದೆ ಯಾರಾದರೂ ಕೇಳಿದ್ದರೆ ನಾನೂ ನಕ್ಕುಬಿಡುತ್ತಿದ್ದೆ. ಹಳಿಯಾಳದ ಅಂಚಿನಲ್ಲಿ, ಊರು ಮುಗಿದು ಗದ್ದೆ ಮೊದಲಾಗುವ ಕಡೆ, ನಾವು ಬಾಡಿಗೆಗೆ ಹಿಡಿದ ಮನೆಯ ಹಿತ್ತಿಲಿಗೆ ತಾಗಿಕೊಂಡು ಒಬ್ಬ ಮುದುಕಿಯ ಮನೆಯಿದೆ. ಓಣಿಯವರೆಲ್ಲ ಆಕೆಯನ್ನು ಆಯಿ ಎನ್ನುತ್ತಾರೆ. ನಾವೂ ಹಾಗೆಯೇ ಕರೆಯುತ್ತ ಬಂದೆವು. ಆಯಿಗೆ ಏಳು ಆಡು. ನನ್ನ ಓದುವ ಮೇಜಿಗೂ ಆ ಆಡುಗಳ ಕೊಟ್ಟಿಗೆಗೂ ನಡುವೆ ಇರುವುದು ಒಂದು ಬೇಲಿ ಮಾತ್ರ. ಪಂಪನ ಪದ್ಯವೊಂದಕ್ಕೆ ಅನ್ವಯ ಹುಡುಕುತ್ತ ಕುಳಿತಾಗ ಆ ಕಡೆಯಿಂದ ಬರುತ್ತಿದ್ದ ವಾಸನೆ ಮೊದಮೊದಲು ಕಿರುಕುಳವೆನಿಸಿತು, ಆಮೇಲೆ ಅಭ್ಯಾಸವಾಯಿತು, ಈಗ ಬೇಸಿಗೆ ರಜೆಯಲ್ಲಿ ಪರಸ್ಥಳಕ್ಕೆ ಹೋದರೆ ಏನೋ ಕಡಿಮೆಯಾದಂತೆ ತೋರುತ್ತದೆ.

ನಮ್ಮ ಸೀಮೆ ಆಡಿಗೆ ಹೇಳಿಮಾಡಿಸಿದ ನಾಡೇನೂ ಅಲ್ಲ. ಹಳಿಯಾಳ, ಮುಂಡಗೋಡಗಳ ಮೂಡಣ ಭಾಗ ಧಾರವಾಡದ ಬಯಲಿನ ಕಡೆಗೆ ಮುಖ ಮಾಡಿದೆ; ಅಲ್ಲಿ ನೆಲ ಒಣಗುತ್ತದೆ, ಕುರುಚಲು ಗಿಡವಿದೆ, ಆಡು ಬದುಕುತ್ತದೆ. ಪಡುವಣಕ್ಕೆ ಸರಿದಂತೆ ದಾಂಡೇಲಿ, ಜೊಯಿಡಾ. ಅಲ್ಲಿ ಮಳೆ ಹೆಚ್ಚು, ಕಾಡು ದಟ್ಟ, ಚಿರತೆಯ ಭಯ ಬೇರೆ. ಆಡಿಗೆ ನೀರು ಕಂಡರೆ ಆಗದು. ಇಲ್ಲಿನ ಗೌಳಿಗರು ಎಮ್ಮೆಯನ್ನು ನಂಬಿದ ಜನ. ಆಡು, ಎಮ್ಮೆ ಕೊಳ್ಳುವ ಶಕ್ತಿಯಿಲ್ಲದವರ ಪ್ರಾಣಿ. 1952ರ ರಾಷ್ಟ್ರೀಯ ಅರಣ್ಯ ನೀತಿ ಆಡನ್ನು ಕಾಡಿಗೆ ಹೊಂದದ ಜೀವಿಯೆಂದೇ ಎಣಿಸಿತು. ಅದೇ ಸೀಮೆಯ ಬಿದಿರು ದಾಂಡೇಲಿಯ ಕಾಗದದ ಕಾರ್ಖಾನೆಗೆ ಲಾರಿಗಟ್ಟಲೆ ಹೋದುದನ್ನು ಹಿರಿಯರು ಕಂಡಿದ್ದಾರೆ. ಕಾಗದದಿಂದಲೇ ಅನ್ನ ತಿನ್ನುವ ನಾನು ಆ ಮಾತನ್ನು ಹೆಚ್ಚು ಎಳೆಯಬಾರದು. ಆದರೆ ಆಡಿನ ಬಾಯಿಗೆ ಹೋದ ಎಲೆಯನ್ನು ಮಾತ್ರ ಎಣಿಸಿ ಬರೆದಿಡುವುದು ಅಷ್ಟು ಸರಿಯಾಗಿ ತೋರುವುದಿಲ್ಲ. ಈಗ ಆ ಕಾಡಿನ ಬಹುಭಾಗ ಹುಲಿಯದು. 2007ರಲ್ಲಿ ದಾಂಡೇಲಿ-ಅಣಶಿ ಎಂದು ಘೋಷಿತವಾಗಿ, 2015ರಲ್ಲಿ ಕಾಳಿ ಎಂಬ ನದಿಯ ಹೆಸರನ್ನು ಪಡೆದ ರಕ್ಷಿತಾರಣ್ಯ ಅದು.

ಆಯಿಗೆ ಅಕ್ಷರ ಬಾರದು; ಪಂಚಾಂಗ ಬರುತ್ತದೆ. ದೀಪಾವಳಿಗೆ ಹೋತಕ್ಕೆ ಕೂಡಿದ ಆಡು ಯುಗಾದಿಗೆ ಈಯುತ್ತದೆ ಎಂಬುದು ಅವಳ ಲೆಕ್ಕ. ನಾನೊಮ್ಮೆ ಕುತೂಹಲಕ್ಕೆ ಎಣಿಸಿ ನೋಡಿದೆ. ಆಶ್ವಯುಜದ ಅಮಾವಾಸ್ಯೆಯಿಂದ ಚೈತ್ರದ ಪಾಡ್ಯಕ್ಕೆ, ನಡುವೆ ಅಧಿಕಮಾಸ ಬಾರದಿದ್ದರೆ, ಐದು ಚಾಂದ್ರಮಾಸ. ಅಂದರೆ ಸುಮಾರು 148 ದಿನ. ಪಶುವೈದ್ಯದ ಪುಸ್ತಕಗಳು ಆಡಿನ ಗರ್ಭಕಾಲ ಸುಮಾರು 150 ದಿನ ಎನ್ನುತ್ತವೆ. ಎರಡು ದಿನದ ವ್ಯತ್ಯಾಸಕ್ಕಾಗಿ ಆಯಿಯನ್ನು ನಪಾಸು ಮಾಡುವ ಧೈರ್ಯ ನನಗಿಲ್ಲ, ಏಕೆಂದರೆ ಆಡುಗಳೂ ಅಷ್ಟು ವ್ಯತ್ಯಾಸ ಮಾಡುತ್ತವೆ.

ಹಬ್ಬ ಹತ್ತಿರ ಬಂದಂತೆ ಅವಳು ದಿನಾ ಸಂಜೆ ಗಬ್ಬದ ಆಡಿನ ಬಾಲದ ಬುಡವನ್ನು ಬೆರಳಿಂದ ಒತ್ತಿ ನೋಡುತ್ತಾಳೆ. ಅಲ್ಲಿ ಎರಡು ಕಡೆಗೂ ಸೀಸದಕಡ್ಡಿಯಂತೆ ಗಟ್ಟಿಯಾಗಿ ತಾಗುವ ನರಗಳಿವೆ. ಈಯುವುದಕ್ಕೆ ಒಂದು ದಿನ ಇದೆಯೆನ್ನುವಾಗ ಅವು ಸಡಿಲಾಗಿ, ಬೆರಳಿಗೆ ಸಿಗದಂತಾಗಿ, ಎರಡು ಗುಳಿ ಬೀಳುತ್ತವೆ. ಕೆಚ್ಚಲು ಬಿಗಿದು ಹೊಳೆಯುತ್ತದೆ. ಆಡು ಹಿಂಡನ್ನು ಬಿಟ್ಟು ಮೂಲೆ ಹುಡುಕುತ್ತದೆ, ಮುಂಗಾಲಿನಿಂದ ನೆಲ ಕೆದರುತ್ತದೆ, ಮಲಗುತ್ತದೆ, ಏಳುತ್ತದೆ, ತಿರುಗಿ ತನ್ನ ಪಕ್ಕೆಯನ್ನು ತಾನೇ ನೋಡಿಕೊಳ್ಳುತ್ತದೆ. ಇನ್ನೂ ಹುಟ್ಟದ ಮರಿಯನ್ನು ಕರೆಯುವ ಒಂದು ಸಣ್ಣ ಗಂಟಲ ದನಿ ಇದೆ; ಬೇರೆ ಯಾವ ಹೊತ್ತಿನಲ್ಲೂ ಆಡಿನ ಬಾಯಿಂದ ಅದನ್ನು ನಾನು ಕೇಳಿಲ್ಲ. ಈ ಹಂತ ಕೆಲವು ಗಂಟೆಗಳ ಕಾಲ ನಡೆಯುತ್ತದೆ. ನೋಡುವವನಿಗೆ ಏನೂ ಆಗುತ್ತಿಲ್ಲವೆಂದು ತೋರುವ ಆ ಹೊತ್ತಿನಲ್ಲೇ ಒಳಗೆ ಬಾಗಿಲು ತೆರೆಯುತ್ತಿರುತ್ತದೆ. ಆಮೇಲೆ ತಿಣುಕುವುದು ಆರಂಭವಾಗುತ್ತದೆ, ನೀರಿನ ಚೀಲ ಕಾಣಿಸಿಕೊಳ್ಳುತ್ತದೆ, ಅದರ ಹಿಂದೆ ಎರಡು ಮುಂಗಾಲಿನ ಗೊರಸು, ಅವುಗಳ ಮೇಲೆ ಇಟ್ಟ ಮೂತಿ. ಕೆರೆಗೆ ಧುಮುಕುವ ಹುಡುಗ ಕೈಮುಂದೆ ಮಾಡಿ ತಲೆ ತಗ್ಗಿಸುವನಲ್ಲ, ಹಾಗೆ.

ಇಷ್ಟನ್ನೆಲ್ಲ ನಾನು ಕಲಿತುದು ಒಂದು ತಪ್ಪಿನ ನಂತರ. ಆ ತಪ್ಪನ್ನು ಹೇಳದೆ ಮುಂದಕ್ಕೆ ಹೋಗುವುದು ಸಾಧ್ಯವಿಲ್ಲ.

ನಾವು ಆ ಮನೆಗೆ ಬಂದ ಎರಡನೆಯ ವರ್ಷ. ಆಯಿ ಮಗಳ ಮನೆಗೆಂದು ಮುಂಡಗೋಡಕ್ಕೆ ಹೋಗಿದ್ದಳು. "ಇನ್ನೂ ನಾಕ ದಿನ ಐತ್ರಿ ಸರ, ಸುಮ್ನ ಕಣ್ಣಿಟ್ಟಿರ್ರಿ" ಎಂದು ಹೇಳಿ ಹೋದವಳು. ಆಡಿಗೆ ಆ ನಾಲ್ಕು ದಿನದ ಲೆಕ್ಕ ಗೊತ್ತಿರಲಿಲ್ಲ. ಆ ರಾತ್ರಿ ಒಂಬತ್ತರ ಸುಮಾರಿಗೆ ನೀರಿನ ಚೀಲ ಒಡೆಯಿತು. ನಾನು ಟಾರ್ಚು ಹಿಡಿದು ಹೋದೆ. ಒಂದು ಗೊರಸು ಕಾಣುತ್ತಿತ್ತು. ಒಂದೇ. ಆಡು ತಿಣುಕುತ್ತಿತ್ತು, ಕೂಗುತ್ತಿತ್ತು, ನನ್ನ ಕಡೆಗೆ ನೋಡುತ್ತಿತ್ತು. ನೋಡುತ್ತಿತ್ತೋ ಇಲ್ಲವೋ, ನನಗೆ ಹಾಗೆ ಕಂಡಿತು. ಹತ್ತು ನಿಮಿಷ ಆಗಿರಬೇಕು. ನನಗೆ ಒಂದು ಯುಗವಾಗಿತ್ತು. ಮನೆಯೊಳಗಿಂದ ನನ್ನ ಹೆಂಡತಿ, "ಯಾರನ್ನಾದರೂ ಕರೆಯಿರಿ" ಎಂದಳು. ನಾನು ಕರೆಯಲಿಲ್ಲ. ಆ ಕಾಲನ್ನು ಹಿಡಿದು ಎಳೆದೆ.

ಬೇನೆ ಬಂದಾಗ ಎಳೆದೆನೋ, ನಿಂತಾಗ ಎಳೆದೆನೋ ನೆನಪಿಲ್ಲ. ಎಳೆದಷ್ಟೂ ಆಡು ಹೆಚ್ಚು ಕೂಗಿತು. ಅದು ಹೆಚ್ಚು ಕೂಗಿದಷ್ಟೂ ನಾನು ಹೆಚ್ಚು ಎಳೆದೆ. ಕೊನೆಗೆ ಕೂಗು ಕೇಳಿ ಹಿಂದಿನ ಓಣಿಯ ರೈತರೊಬ್ಬರು ಬಂದು ನನ್ನನ್ನು ಪಕ್ಕಕ್ಕೆ ಸರಿಸಿ ಹೇಗೋ ಮರಿಯನ್ನು ಹೊರತೆಗೆದರು. ಅದು ಸತ್ತಿತ್ತು. ಇನ್ನೊಂದು ಮುಂಗಾಲು ಒಳಗೆ ಮಡಚಿಕೊಂಡಿತ್ತಂತೆ, ಕುತ್ತಿಗೆ ಹಿಂದಕ್ಕೆ ತಿರುಗಿತ್ತಂತೆ. ಆಡು ಆ ಸತ್ತ ಮರಿಯನ್ನು ನೆಕ್ಕತೊಡಗಿತು. ಅರ್ಧ ಗಂಟೆಯ ಮೇಲೆ, ನಾವಿಬ್ಬರೂ ಬೀಡಿ ಸೇದುವ ನೆಪದಲ್ಲಿ ಹೊರಗೆ ನಿಂತಿದ್ದಾಗ (ನಾನು ಬೀಡಿ ಸೇದುವವನಲ್ಲ), ಎರಡನೆಯ ಮರಿ ಯಾರ ಕೈಯ ಹಂಗೂ ಇಲ್ಲದೆ ತಾನೇ ಹುಟ್ಟಿ ಎದ್ದು ನಿಂತಿತ್ತು.

ಮರುದಿನ ಬಂದ ಆಯಿ ನನ್ನನ್ನು ಬಯ್ಯಲಿಲ್ಲ. ಕೂತು ವಿಚಾರಿಸಿದಳು.

"ಒಂದ ಕಾಲ ಕಂಡಿತ್ತೇನ್ರಿ?"

"ಹೌದು."

"ಮಾರಿ ಕಂಡಿದ್ದಿಲ್ಲ?"

"ಇಲ್ಲ."

"ಒಳಗ ದೂಡಬೇಕಿತ್ರಿ ಸರ. ನೀವು ಹೊರಗ ಜಗ್ಗಿದ್ರಿ."

ಈ ಮಾತನ್ನು ನಾನು ಎಷ್ಟೋ ಸಲ ಮೆಲುಕು ಹಾಕಿದ್ದೇನೆ. ಕಾಲು ಮಡಚಿಕೊಂಡ ಮರಿಯನ್ನು ಎರಡು ಬೇನೆಗಳ ನಡುವಿನ ಬಿಡುವಿನಲ್ಲಿ ಮೆಲ್ಲಗೆ ಹಿಂದಕ್ಕೆ ಸರಿಸಿ, ಜಾಗ ಮಾಡಿಕೊಂಡು, ಮಡಚಿದ ಕಾಲಿನ ಗೊರಸನ್ನು ಅಂಗೈಯಲ್ಲಿ ಮುಚ್ಚಿ, ಒಳಗೆ ಗಾಯವಾಗದಂತೆ ಮುಂದಕ್ಕೆ ತರಬೇಕು. ತಲೆ ತಿರುಗಿದ್ದರೆ ಅದನ್ನೂ ನೆಟ್ಟಗೆ ಮಾಡಬೇಕು. ಆಮೇಲೆ ಬೇನೆ ಬಂದಾಗ ಮಾತ್ರ, ಕೆಳಮುಖವಾಗಿ, ಅದು ದೂಡಿದಷ್ಟೇ ಎಳೆಯಬೇಕು. ಸಹಾಯವೆಂದರೆ ಎಳೆಯುವುದು ಎಂದಷ್ಟೇ ತಿಳಿದವನಿಗೆ ಹಿಂದಕ್ಕೆ ದೂಡುವುದೂ ಸಹಾಯವಾಗಬಹುದೆಂಬ ಕಲ್ಪನೆಯೇ ಬರಲಾರದು.

ಆದರೆ ನನ್ನನ್ನು ಕೊರೆದುದು ಅಜ್ಞಾನಕ್ಕಿಂತ ಬೇರೊಂದು ಸಂಗತಿ. ನಾನು ಯಾಕೆ ಎಳೆದೆ? ಆಡಿನ ಸಂಕಟ ಕಳೆಯಲೆಂದೇ ಎಂದು ಆ ಕ್ಷಣದಲ್ಲಿ ಆಣೆಯಿಟ್ಟು ಹೇಳುತ್ತಿದ್ದೆ. ಈಗ ಹಾಗೆ ಹೇಳಲಾರೆ. ನೋಡುತ್ತ ನಿಲ್ಲುವುದು ನನ್ನಿಂದ ಆಗಲಿಲ್ಲ. ಆ ಹತ್ತು ನಿಮಿಷದಲ್ಲಿ ಸಹಿಸಲಾಗದೆ ಇದ್ದುದು ನನ್ನ ಸಂಕಟ; ಅದಕ್ಕೆ ಮದ್ದು ಮಾಡಿಕೊಳ್ಳಲು ನಾನು ಬಳಸಿದುದು ಆ ಮರಿಯ ಕಾಲನ್ನು. ದಯೆ ಎಂದು ನಾವು ಕರೆಯುವ ಎಷ್ಟೋ ಕೆಲಸಗಳ ಒಳಗೆ ಇಂಥ ಅವಸರವಿದೆಯೆಂದು ಆಮೇಲೆ ನನಗೆ ಕಾಣತೊಡಗಿತು. ಅಳುವವರ ಮುಂದೆ ಕೂಡಲೆ ಸಮಾಧಾನದ ಮಾತು ಹೇಳಿಬಿಡುತ್ತೇವೆ. ಅವರ ಅಳು ನಿಂತರೆ ನಮಗೆ ಹಗುರ.

ಹಾಗಾದರೆ ಸುಮ್ಮನಿರುವುದೇ ಧರ್ಮವೆ? ಒಂದೆರಡು ತಿಂಗಳು ನಾನೂ ಹಾಗೆಂದು ನಂಬಿ ತತ್ತ್ವಜ್ಞಾನಿಯಂತೆ ಓಡಾಡಿದೆ. ಆ ನಂಬಿಕೆಯೂ ಬಹಳ ಕಾಲ ಬಾಳಲಿಲ್ಲ. ನಮ್ಮ ಹಿಂದಿನ ಓಣಿಯಲ್ಲೇ ಒಬ್ಬರು, ಸಂಜೆಯಿಂದ ತಿಣುಕುತ್ತಿದ್ದ ಆಡನ್ನು "ಅದರ ಕೆಲಸ ಅದು ಮಾಡಿಕೊಳ್ಳುತ್ತದೆ, ದೇವರಿದ್ದಾನೆ" ಎಂದು ಹೇಳಿ ಬಿಟ್ಟು ಮಲಗಿದರು. ಬೆಳಿಗ್ಗೆ ಆಡೂ ಇರಲಿಲ್ಲ, ಹೊಟ್ಟೆಯೊಳಗಿನ ಮರಿಗಳೂ ಇರಲಿಲ್ಲ. ನಾನು ಅವಸರದಿಂದ ಕೊಂದೆ, ಅವರು ನಿಧಾನದಿಂದ ಕೊಂದರು. ಇಬ್ಬರ ಮನಸ್ಸಿನಲ್ಲೂ ಕೇಡಿರಲಿಲ್ಲ.

ಆಯಿ ಇವೆರಡನ್ನೂ ಮಾಡುವುದಿಲ್ಲ. ತಿಣುಕುವುದು ಜೋರಾದ ಮೇಲೆ ಅವಳು ಆಡಿನಿಂದ ಎರಡು ಮಾರು ದೂರ, ಅದರ ಕಣ್ಣಿಗೆ ನೇರ ಬೀಳದ ಹಾಗೆ, ಗೋಡೆಗೆ ಒರಗಿ ಕೂತು ಎಲೆಯಡಿಕೆಯ ಚೀಲ ಬಿಚ್ಚುತ್ತಾಳೆ. ಒಂದು ಎಲೆ ಮೆಲ್ಲುತ್ತಾಳೆ. ಉಗುಳಿ ಬಂದು ಇನ್ನೊಂದು. ಎರಡು ಎಲೆ ಮುಗಿಯುವುದರೊಳಗೆ, ನನ್ನ ಕೈಗಡಿಯಾರದಲ್ಲಿ ಸುಮಾರು ಅರ್ಧ ಗಂಟೆ, ಏನೂ ಮುಂದುವರಿಯದಿದ್ದರೆ ಏಳುತ್ತಾಳೆ. ಒಂದೇ ಕಾಲು, ಅಥವಾ ಬಾಲ, ಅಥವಾ ಬರಿಯ ತಲೆ ಕಂಡರೆ ಒಂದು ಎಲೆಗೂ ಕಾಯುವುದಿಲ್ಲ. ಎರಡು ಹಿಂಗಾಲು ಮೊದಲು ಬಂದರೆ ಹೆದರಬೇಕಾಗಿಲ್ಲ, ಹಾಗೆಯೂ ಮರಿ ಬರುತ್ತದೆ. ಆದರೆ ಅರ್ಧ ಬಂದ ಮೇಲೆ ತಡ ಮಾಡಬಾರದು, ತಲೆ ಒಳಗಿರುವಾಗಲೇ ಉಸಿರೆಳೆದುಕೊಂಡರೆ ನೀರು ಕುಡಿಯುತ್ತದೆ. ತನ್ನ ಕೈಗೆ ಮೀರಿದ್ದು ಎಂದು ತೋರಿದರೆ ಪಶು ಆಸ್ಪತ್ರೆಯ ಡಾಕ್ಟರಿಗೆ ಫೋನು ಮಾಡಲು ನನ್ನನ್ನು ಎಬ್ಬಿಸುತ್ತಾಳೆ. ಅದರಲ್ಲಿ ಅವಳಿಗೆ ಮಾನಾಪಮಾನವಿಲ್ಲ. ಹೊರಗಿನಿಂದ ನೋಡಿದರೆ ಅವಳು ಕೂತಿರುವುದಕ್ಕೂ ಆ ನೆರೆಯವರು ಮಲಗಿದ್ದುದಕ್ಕೂ ಭೇದ ಕಾಣದು. ಇಬ್ಬರೂ ಕೈ ಹಾಕಿರಲಿಲ್ಲ. ಆದರೆ ಆಯಿ ಅಲ್ಲಿಯೇ ಇದ್ದಳು.

ಏಳುವಾಗ ಅವಳು ಮಾಡುವ ಮೊದಲ ಕೆಲಸ ಕೈ ತೊಳೆಯುವುದು. ಉಗುರು ಕತ್ತರಿಸಿರುತ್ತದೆ, ಬಳೆ ತೆಗೆದಿರುತ್ತದೆ. ಸಾಬೂನು, ಬಿಸಿನೀರು, ಆಮೇಲೆ ಕೊಬ್ಬರಿ ಎಣ್ಣೆ. ಇದು ಅಷ್ಟು ಸಣ್ಣ ಮಾತಲ್ಲ. ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. ವಿದ್ಯಾವಂತರ ವಿಭಾಗದಲ್ಲಿಯೇ ಬಾಣಂತಿಯರು ಹೆಚ್ಚಾಗಿ ಸಾಯುತ್ತಿದ್ದರು. ಹೆಣ ಕೊಯ್ದ ಕೈಯಲ್ಲಿಯೇ ಹೆರಿಗೆ ಮಾಡಿಸುವುದೇ ಕಾರಣವೆಂದು ಊಹಿಸಿದ ಸೆಮ್ಮೆಲ್‌ವೈಸ್ ಎಂಬ ವೈದ್ಯ 1847ರಲ್ಲಿ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವ ನಿಯಮ ಮಾಡಿದ. ಸಾವು ಇಳಿದುಹೋಯಿತು. ವೈದ್ಯರು ಒಪ್ಪಲಿಲ್ಲ. ತಮ್ಮ ಉಪಕಾರದ ಕೈಯೇ ವಿಷದ ಕೈ ಎಂಬುದನ್ನು ಯಾರು ತಾನೆ ಸುಲಭವಾಗಿ ಒಪ್ಪಿಯಾರು? ಆತ 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ತೀರಿಕೊಂಡ. ಕೊಳೆ ಆಚೆಯಿಂದ ಈಚೆಗೂ ಬರುತ್ತದೆನ್ನಿ. ಮಾಲ್ಟಾ ದ್ವೀಪದ ಜ್ವರ ಆಡಿನ ಹಾಲಿನಿಂದ ಮನುಷ್ಯರಿಗೆ ಹತ್ತುತ್ತದೆಂದು 1905ರಲ್ಲಿ ಗೊತ್ತಾಯಿತು. ಕಂದುಹಾಕಿದ ಆಡನ್ನು ಬರಿಗೈಯಲ್ಲಿ ಮುಟ್ಟುವುದು ಅಪಾಯವೆಂದು ಡಾಕ್ಟರು ಇಂದಿಗೂ ಎಚ್ಚರಿಸುವುದು ಆ ರೋಗದಿಂದಾಗಿಯೇ.

ಸಾಕ್ರೆಟಿಸ್ ಸೂಲಗಿತ್ತಿಯ ಮಗ. ತಾಯಿ ಹೆಂಗಸರಿಗೆ ಮಾಡಿದುದನ್ನು ತಾನು ತರುಣರ ಬುದ್ಧಿಗೆ ಮಾಡುತ್ತೇನೆಂದು ಅವನು ಹೇಳುವುದಾಗಿ ಪ್ಲೇಟೋ 'ಥಿಯೆಟೇಟಸ್' ಸಂವಾದದಲ್ಲಿ ಬರೆದಿದ್ದಾನೆ. ಅಧ್ಯಾಪಕರ ಸಭೆಗಳಲ್ಲಿ ಈ ಮಾತನ್ನು ಉದ್ಧರಿಸಿ ನಾವು ಹೆಮ್ಮೆಪಡುವುದುಂಟು. ಆ ರಾತ್ರಿಯ ನಂತರ ನನಗೆ ಅದನ್ನು ಹೇಳಲು ನಾಲಗೆ ಏಳುವುದಿಲ್ಲ. ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು ನಿಂತು ಏನನ್ನೋ ಹೇಳಲು ತಡವರಿಸುತ್ತಾಳೆ; ಒಂದು ಕಾಲು ಮಾತ್ರ ಹೊರಗೆ ಬಂದಿರುತ್ತದೆ; ಗಂಟೆ ಹೊಡೆಯುವುದಕ್ಕೆ ಹತ್ತು ನಿಮಿಷವಿದೆ. ನಾನು ಅವಳ ವಾಕ್ಯವನ್ನು ನನ್ನ ಮಾತಿನಿಂದ ಪೂರ್ತಿ ಮಾಡಿಬಿಡುತ್ತೇನೆ. "ಹೌದು ಸರ್" ಎಂದು ಕುಳಿತುಕೊಳ್ಳುತ್ತಾಳೆ. ಇಪ್ಪತ್ತು ವರ್ಷಗಳಲ್ಲಿ ಹೀಗೆ ಎಷ್ಟು ಸತ್ತವೋ, ಅವುಗಳನ್ನು ಯಾರೂ ನೆಕ್ಕಲೂ ಇಲ್ಲ.

ಇಷ್ಟೇ ಆಗಿದ್ದರೆ ಈ ಲೇಖನವನ್ನು ಇಲ್ಲಿಗೆ ನಿಲ್ಲಿಸಬಹುದಾಗಿತ್ತು. ಇದಕ್ಕಿಂತ ಕಠಿಣವಾದ ಪ್ರಶ್ನೆ ಬೇರೊಂದಿದೆ. ಅದನ್ನು ನಾನು ಆಯಿಯ ಮುಂದೆ ಇಡಲು ಮೂರು ವರ್ಷ ಬೇಕಾಯಿತು. ಈ ಮರಿಗಳಲ್ಲಿ ಹೆಣ್ಣಿಗೆ ಅವಳು ಹೆಸರಿಡುತ್ತಾಳೆ; ಗಂಡಿಗೆ ಇಡುವುದಿಲ್ಲ. ಗಂಡು ಬೆಳೆದು ತೂಕ ಬಂದೊಡನೆ ಸಂತೆಗೆ ಹೋಗುತ್ತದೆ, ಅಥವಾ ಯಾರದೋ ಹರಕೆಗೆ. ಅಂದರೆ ರಾತ್ರಿಯೆಲ್ಲ ಎಚ್ಚರವಿದ್ದು, ಎಣ್ಣೆ ಹಚ್ಚಿದ ಕೈಯಿಂದ ಅದನ್ನು ಈ ಲೋಕಕ್ಕೆ ಬರಮಾಡಿಕೊಂಡವಳೇ ಅದರ ಹಗ್ಗವನ್ನು ಕಟುಕನ ಕೈಗೆ ಕೊಡುತ್ತಾಳೆ. ಹಾಗಾದರೆ ಆ ರಾತ್ರಿಯ ಸೇವೆ ಏನು? ದಯೆಯೆ, ಬಂಡವಾಳದ ರಕ್ಷಣೆಯೆ?

ನಮ್ಮ ಜನ್ನ 1209ರಲ್ಲಿ ಬರೆದ 'ಯಶೋಧರ ಚರಿತೆ'ಯನ್ನು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಯಶೋಧರನೂ ಅವನ ತಾಯಿ ಚಂದ್ರಮತಿಯೂ ಬಲಿ ಕೊಟ್ಟುದು ನಿಜವಾದ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ಕತ್ತಿ ಹಿಟ್ಟಿಗೆ ತಗುಲಿದರೂ ಸಂಕಲ್ಪ ಜೀವಕ್ಕೆ ತಗುಲಿತ್ತು. ಅದಕ್ಕಾಗಿ ಇಬ್ಬರೂ ಜನ್ಮಜನ್ಮಾಂತರ ಮೃಗಪಕ್ಷಿಗಳಾಗಿ ತೊಳಲಿದರು. ಆ ಜನ್ಮಗಳಲ್ಲಿ ಆಡಿನ ಜನ್ಮವೂ ಇದೆ. ಸಂಕಲ್ಪವೇ ಪಾಪವೆನ್ನುವುದಾದರೆ ಸಂಕಲ್ಪವೇ ಪುಣ್ಯವೂ ಆಗಬೇಕಷ್ಟೆ? ಆಯಿಯ ಸಂಕಲ್ಪವನ್ನು ಯಾವ ತಕ್ಕಡಿಯಲ್ಲಿ ತೂಗೋಣ? ಅವಳ ಮನಸ್ಸಿನಲ್ಲಿ ಸಂತೆಯೂ ಇದೆ, ಮರಿಯೂ ಇದೆ.

ನಾನು ಮಾಂಸ ತಿನ್ನುವವನಲ್ಲ. ಆದುದರಿಂದ ಈ ಪ್ರಶ್ನೆ ಕೇಳುವ ಅಧಿಕಾರ ನನಗಿದೆಯೆಂದು ಭಾವಿಸಿದ್ದೆ. ಅದೂ ಭ್ರಮೆ. ನಮ್ಮ ಮನೆಯ ಚಹಕ್ಕೆ ಬರುವುದು ಆಯಿಯ ಆಡಿನ ಹಾಲೇ. ಆಡು ಈಯದೆ ಹಾಲಿಲ್ಲ, ಈಯುವುದರಲ್ಲಿ ಅರ್ಧ ಗಂಡು. ಆ ಗಂಡುಗಳೆಲ್ಲ ಎಲ್ಲಿಗೆ ಹೋಗಬೇಕು? ಗಾಂಧಿಯವರು ಹಸುವಿಗೂ ಎಮ್ಮೆಗೂ ಮಾಡುವ ಹಿಂಸೆಯನ್ನು ಕೇಳಿ ಹಾಲು ಬಿಟ್ಟವರು. 1918ರಲ್ಲಿ ಬಿದ್ದ ಕಾಯಿಲೆಯಿಂದ ಏಳಲಾಗದೆ, ಕೊನೆಗೆ ಕಸ್ತೂರಬಾ ಅವರ ಮಾತಿನಂತೆ ಆಡಿನ ಹಾಲು ಕುಡಿದರು. ವ್ರತ ಮಾಡುವಾಗ ಮನಸ್ಸಿನಲ್ಲಿ ಇದ್ದುದು ಹಸು, ಎಮ್ಮೆ. ಆಡಿನ ಹೆಸರು ಅದರಲ್ಲಿರಲಿಲ್ಲ. ಅಕ್ಷರ ಉಳಿಯಿತು, ಅರ್ಥ ಕೆಟ್ಟಿತು ಎಂಬ ನೋವನ್ನು ಅವರು ಆತ್ಮಕಥೆಯಲ್ಲಿ ಮುಚ್ಚಿಡಲಿಲ್ಲ. ನಾನು ಚಹ ಕುಡಿಯುವಾಗ ಅಷ್ಟು ನೋವನ್ನೂ ಪಡಲಿಲ್ಲ.

ಇನ್ನೊಂದು ದಾರಿಯೂ ಇದೆ. ಮುಂಡಗೋಡದಲ್ಲಿ 1966ರಿಂದ ಟಿಬೆಟನ್ನರ ವಸತಿ ಇದೆ. ಕಟುಕನ ಮನೆಗೆ ಹೋಗಲಿರುವ ಪ್ರಾಣಿಯನ್ನು ಹಣ ಕೊಟ್ಟು ಬಿಡಿಸಿ, ಅದರ ಆಯುಷ್ಯವಿರುವಷ್ಟು ಕಾಲ ಬದುಕಲು ಬಿಡುವ ಆಚಾರ ಟಿಬೆಟಿನ ಬೌದ್ಧರಲ್ಲಿ ಬಹಳ ಹಿಂದಿನಿಂದ ಬಂದಿದೆ. ಕೇಳಿದಾಗ ಕಣ್ಣು ತುಂಬುವ ಆಚಾರ. ನಾನು ಆಯಿಗೆ ಅದನ್ನು ಹೇಳಿದೆ. ಅವಳು, "ಛಲೋ ಐತ್ರಿ. ರೊಕ್ಕ ಇದ್ದವರು ಮಾಡಬೇಕದನ್ನ" ಎಂದಳು. ವ್ಯಂಗ್ಯವಿರಲಿಲ್ಲ.

ಅಂದೇ ನಾನು ನನ್ನ ಪ್ರಶ್ನೆಯನ್ನೂ ಕೇಳಿದೆ. ಅವಳು ಕೋಪಿಸಿಕೊಳ್ಳಬಹುದೆಂದು ಅಂಜಿದ್ದೆ. ಸ್ವಲ್ಪ ಹೊತ್ತು ಎಲೆಗೆ ಸುಣ್ಣ ಹಚ್ಚಿದಳು. "ಈಯೂ ಮುಂದ ಅದು ಆಡ ರೀ ಸರ. ಸಂತ್ಯಾಗ ಅದು ರೊಕ್ಕ. ಎರಡೂ ಕಡೆ ನಾನ ಇರ್ತೀನಿ, ನನಗ ಗೊತ್ತಿಲ್ಲಂತ ತಿಳದೀರೇನ?"

ಇದು ಉತ್ತರವಲ್ಲ ಎಂದು ತರ್ಕಶಾಸ್ತ್ರ ಬಲ್ಲವರು ಹೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ, ಒಂದು ಮಾಘದ ಚಳಿಯಲ್ಲಿ ಮುಂಗಾಲು ಸೊಟ್ಟಗಿದ್ದ ಗಂಡುಮರಿಯೊಂದು ಉಸಿರಿಲ್ಲದಂತೆ ಬೀಳುವವರೆಗೆ. ಬದುಕಿದರೂ ಅದಕ್ಕೆ ಬೆಲೆ ಬಾರದು; ತಾಯಿಗೆ ಬೇರೆ ಎರಡು ಮರಿ ಇದ್ದವು. ಆಯಿ ಅದರ ಮೂಗಿನ ಲೋಳೆ ಒರೆಸಿದಳು, ಹಿಂಗಾಲು ಹಿಡಿದು ತಲೆಕೆಳಗೆ ಮಾಡಿದಳು, ಗೋಣಿತಟ್ಟಿನಿಂದ ಪಕ್ಕೆ ತಿಕ್ಕಿದಳು. ಕೈ ಸೋತಾಗ ನನಗೆ ಕೊಟ್ಟಳು, ಮತ್ತೆ ತೆಗೆದುಕೊಂಡಳು. ಅದು ಉಸಿರಾಡಿದ ಮೇಲೂ ಬಿಡದೆ, ಹೊಕ್ಕುಳಿಗೆ ಟಿಂಕ್ಚರ್ ಅಯೋಡಿನ್ ಹಚ್ಚಿ, ಮಡಿಲಿಗೆ ಹಾಕಿಕೊಂಡು ಬೆರಳಿನಿಂದ ಗಿಣ್ಣದ ಹಾಲು ನೆಕ್ಕಿಸಿದಳು. ಒಂದು ಗಂಟೆಗೂ ಮಿಕ್ಕ ಕೆಲಸ. ಆ ಹೊತ್ತಿನಲ್ಲಿ ಅವಳ ಕೈಯಲ್ಲಿ ಸಂತೆ ಇರಲಿಲ್ಲವೆಂಬುದನ್ನು ನಾನು ಕಣ್ಣಾರೆ ಕಂಡೆ. ಆ ಮರಿ ಮೂರನೆಯ ದಿನ ಸತ್ತಿತು. ಇದರಿಂದ ಸಂತೆಯ ದಿನದ ಪ್ರಶ್ನೆ ಕರಗಿಹೋಗುವುದಿಲ್ಲ. ಕಟುಕನ ಕೈಯಲ್ಲಿ ಹಗ್ಗ ಹಗ್ಗವೇ. ಆದರೆ ಮುಂದೆ ಆಗುವ ಕೇಡು ಹಿಂದೆ ಮಾಡಿದ ಒಳ್ಳೆಯದನ್ನು ಸುಳ್ಳು ಮಾಡುತ್ತದೆಂದು ನಾನು ಇನ್ನು ಮುಂದೆ ಹೇಳಲಾರೆ. ಹಾಗೆ ನೋಡಿದರೆ ಮನುಷ್ಯರ ಸೂಲಗಿತ್ತಿ ಹಿಡಿದ ಕೂಸೂ ಒಂದಲ್ಲ ಒಂದು ದಿನ ಸಾಯುವುದೇ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಯಾರೂ ಆ ಲೆಕ್ಕ ಹಾಕಲಿಲ್ಲ. ಮನುಷ್ಯನಿಗೂ ಆಡಿಗೂ ಸಾಮ್ಯ ಹೇಳುವುದು ಅತಿಯಾಯಿತೆನ್ನುವವರು ಅನ್ನಲಿ. ಆ ಆಕ್ಷೇಪಣೆಗೆ ನನ್ನ ಬಳಿ ಪೂರ್ತಿ ಸಮಾಧಾನವಿಲ್ಲ.

ಈಗ ಆಯಿಯ ಬೆರಳುಗಳು ವಾತದಿಂದ ಸೊಟ್ಟಗಾಗಿವೆ. ಕಳೆದ ಯುಗಾದಿಯ ಹಿಂದಿನ ರಾತ್ರಿ ಹನ್ನೊಂದಕ್ಕೆ ಬೇಲಿಯಾಚೆಯಿಂದ ಕರೆದಳು. "ಸರ, ಒಂದ ಕಾಲ ಬಂದದ. ಕೈ ತೊಳ್ಕೊಂಡ ಬರ್ರಿ." ನಾನು ಉಗುರು ಕತ್ತರಿಸಿಕೊಂಡು, ಕೈ ತೊಳೆದು, ಎಣ್ಣೆ ಹಚ್ಚಿಕೊಂಡು ಮೊಣಕಾಲೂರಿದೆ. ಬೇನೆ ಬಂದಿತು, ಕೈ ನಿಲ್ಲಿಸಿದೆ. ಬೇನೆ ನಿಂತಿತು, ಮರಿಯನ್ನು ಒಳಕ್ಕೆ ಸರಿಸಿದೆ. ಕತ್ತಲೆಯಲ್ಲಿ, ಅಂಗೈಯಷ್ಟು ಜಾಗದಲ್ಲಿ, ಬೆರಳು ಒಂದು ಮಡಚಿದ ಮಂಡಿಯನ್ನು ಹುಡುಕಿತು. "ಗೊರಸ ಮುಚ್ಚಿ ಹಿಡೀರಿ" ಎಂದಳು ಆಯಿ ಗೋಡೆಯ ಬಳಿಯಿಂದ. ಕಾಲು ಬಂದಿತು. ಮೂತಿ ತಾಗಿತು, ನಾಲಗೆ ಮಿಸುಕಿತು. ಮತ್ತೆ ಬೇನೆ ಬರುವವರೆಗೆ ಕಾದೆ. ಎಷ್ಟು ಹೊತ್ತೆಂದು ತಿಳಿಯದು. ಗಡಿಯಾರ ಮನೆಯಲ್ಲೇ ಬಿಟ್ಟಿದ್ದೆ.

ಮರಿ ಹೊರಗೆ ಬಿದ್ದು ಸೀನಿತು. ನಾನು ಗೋಣಿತಟ್ಟಿನಿಂದ ಒರೆಸುತ್ತಿದ್ದಂತೆ ಆಯಿ ಟಾರ್ಚು ಬಿಟ್ಟು ನೋಡಿದಳು.

"ಗಂಡ ಐತ್ರಿ ಸರ. ಹೆಸರಗಿಸರ ಇಡಬ್ಯಾಡ್ರಿ ಮತ್ತ."

ನಾನು ಮಾತಾಡಲಿಲ್ಲ. ಮರಿಯನ್ನು ತಾಯಿಯ ಮೂಗಿನ ಬಳಿ ಇಟ್ಟೆ, ಅದು ನೆಕ್ಕತೊಡಗಿತು. ಮಾಸು ಬೀಳುವವರೆಗೆ ಇಬ್ಬರೂ ಕುಳಿತಿದ್ದೆವು. ಅದನ್ನು ಎಳೆಯಬಾರದು, ತಾನಾಗಿ ಬೀಳಬೇಕು. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಬಿದ್ದಿತು. ನಾಯಿ ಕೆದಕದಂತೆ ಹಿತ್ತಿಲಲ್ಲಿ ಆಳವಾಗಿ ಹೂಳಿ ಬಂದೆ. ಅಷ್ಟರಲ್ಲಿ ನನ್ನ ಹೆಂಡತಿ ಯುಗಾದಿಯ ಎಣ್ಣೆನೀರಿಗೆ ಒಲೆ ಹೊತ್ತಿಸಿದ್ದಳು.